ಬೆಳಗಾವಿಯ ಸ್ಕೂಟರ್ ಪಣಜಿಗೆ ಇಳಿದರೆ ರೋಲರ್ ಹೊಂದಿಸುವುದು ಹೇಗೆ

ಬೆಳಗಾವಿಯ ಅನಗೋಳದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಗೇರ್ ಇಲ್ಲದ ಸ್ಕೂಟರ್ ಕೆಲಸವೇ ಜಾಸ್ತಿ. ಹೋದ ವರ್ಷ ಅಕ್ಕನ ಮಗನಿಗೆ ಪಣಜಿಯಲ್ಲಿ ಕೆಲಸ ಸಿಕ್ಕಿತು. ತನ್ನ 110 ಸಿಸಿ ಗಾಡಿಯನ್ನೂ ಚೊರ್ಲಾ ಘಾಟ್ ಇಳಿಸಿಕೊಂಡು ಹೋದ. ಎರಡು ವಾರಕ್ಕೆ ಫೋನ್ ಬಂತು. "ಮಾಮಾ, ಗಾಡಿ ಬಾಳ ಒದರಾಕತ್ತೈತಿ. ಒದರಿದಷ್ಟು ಮುಂದ ಹೋಗವಲ್ದು. ಎವರೇಜೂ ಬಿದ್ದೈತಿ."

ಎಂಜಿನ್‌ಗೆ ಏನೂ ಆಗಿರಲಿಲ್ಲ. ಆ ಗಾಡಿಗೆ ಹಗುರ ರೋಲರ್ ಹಾಕಿದ್ದು ನಾನೇ. ಆಗ ಅವನು ಅಮ್ಮನನ್ನು ಹಿಂದೆ ಕೂರಿಸಿಕೊಂಡು ಜಾಂಬೋಟಿ ಕಡೆಯ ಏರಿನಲ್ಲಿ ದಿನಾ ಓಡಾಡುತ್ತಿದ್ದ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇನ್ನೂ ಸ್ವಲ್ಪ ಮೇಲೆ. ಪಣಜಿಗಿಂತ ಇಲ್ಲಿ ಗಾಳಿ ನೂರಕ್ಕೆ ಏಳೆಂಟು ಪಾಲು ತೆಳು. ಹೊಸ ಗಾಡಿಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಅದು ಗಾಳಿಗೆ ತಕ್ಕಂತೆ ಪೆಟ್ರೋಲ್ ಹೊಂದಿಸುತ್ತದೆ. ಆದರೆ ಇಲ್ಲದ ಗಾಳಿಯನ್ನು ಅದು ತರಲಾರದು. ಹಾಗಾಗಿ ಅದೇ ಎಂಜಿನ್‌ಗೆ ಇಲ್ಲಿ ಬಲ ಕಡಿಮೆ, ಅಲ್ಲಿ ಜಾಸ್ತಿ.

ರೋಲರ್ ಕೆಲಸ ಏನು ಅಂತ ತಿಳಿದರೆ ಉಳಿದದ್ದು ಸುಲಭ. ಎಂಜಿನ್ ತಿರುಗಿದಂತೆ ಮುಂದಿನ ಪುಲ್ಲಿಯೊಳಗಿನ ಆರು ರೋಲರ್ ಹೊರಕ್ಕೆ ಸರಿಯುತ್ತವೆ. ಪುಲ್ಲಿಯ ಒಂದು ಬದಿಯನ್ನು ತಳ್ಳಿ ಬೆಲ್ಟ್ ಮೇಲೇರಿಸುತ್ತವೆ. ಗೇರ್ ಬದಲಾಗುವುದು ಅಂದರೆ ಇದೇ. ರೋಲರ್ ಭಾರ ಇದ್ದರೆ ಬೇಗ ತಳ್ಳುತ್ತದೆ, ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಕಡಿಮೆ ಇರುತ್ತದೆ. ಹಗುರ ಇದ್ದರೆ ತಡವಾಗಿ ತಳ್ಳುತ್ತದೆ, ಎಂಜಿನ್ ಒದರುತ್ತದೆ. ಹಿಂದಿನ ಪುಲ್ಲಿಯಲ್ಲಿ ಒಂದು ದೊಡ್ಡ ಸ್ಪ್ರಿಂಗ್ ಮತ್ತು ಕ್ಯಾಮ್, ಅಂದರೆ ಓರೆ ಸೀಳುಗಳಿರುವ ಭಾಗ, ಇವೆ. ಎಂಜಿನ್ ಬಲ ಹೆಚ್ಚಿದಷ್ಟೂ ಆ ಕ್ಯಾಮ್ ಬೆಲ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮುಂದಿನ ರೋಲರ್‌ಗಳಿಗೆ ತಳ್ಳುವ ಕೆಲಸ ಜಾಸ್ತಿಯಾಗುತ್ತದೆ. ಕೆಳಗಿನ ಊರಿಗೆ ಹೋದಾಗ ಸ್ವಲ್ಪ ಭಾರದ ರೋಲರ್ ಬೇಕಾಗುವುದು ಇದಕ್ಕೇ. ಹಿಮದ ದೇಶಗಳಲ್ಲಿ ಓಡುವ ಸ್ನೋಮೊಬೈಲ್‌ನಲ್ಲೂ ಇದೇ ಬೆಲ್ಟ್, ಇದೇ ಲೆಕ್ಕ. ಅವರೂ ಎತ್ತರದ ಬೆಟ್ಟಕ್ಕೆ ಹಗುರ ತೂಕ ಹಾಕುತ್ತಾರೆ, ಕೆಳಗೆ ಇಳಿದಾಗ ಭಾರ ಮಾಡುತ್ತಾರೆ.

ಪಾನಾ ಹಿಡಿಯುವ ಮುಂಚೆ ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಿ. ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ. ಆರ್‌ಪಿಎಂ ನೋಡಲು ಪ್ಲಗ್ ವೈರ್‌ಗೆ ಸುತ್ತುವ ಸಣ್ಣ ಮೀಟರ್ ಸಿಗುತ್ತದೆ, ಒಂದು ತೊಗೊಳ್ಳಿ. ಬರೀ ಕಿವಿ ನಂಬಿ ರೋಲರ್ ಬದಲಿಸಬೇಡಿ. ಗಾಡಿಯ ಪುಸ್ತಕದಲ್ಲಿ ಹೆಚ್ಚಿನ ಬಲ ಎಷ್ಟು ಆರ್‌ಪಿಎಂಗೆ ಅಂತ ಬರೆದಿರುತ್ತಾರೆ. ಇವನ ಗಾಡಿಗೆ 8,000. ಪೂರ್ತಿ ಥ್ರಾಟಲ್ ಕೊಟ್ಟು ಪಿಕಪ್ ತೆಗೆಯುವಾಗ ಮೀಟರ್ ಅದರ ಆಸುಪಾಸು ನಿಲ್ಲಬೇಕು. ನಾನು ಹಾಕಿದ್ದ ತಲಾ 13 ಗ್ರಾಂ ರೋಲರ್‌ಗೆ ಬೆಳಗಾವಿಯಲ್ಲಿ 8,100 ತೋರಿಸುತ್ತಿತ್ತು. ಪಣಜಿಯಲ್ಲಿ ಅದೇ 8,350.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಡಗಡೆಯ ಕವರ್ ಬಿಚ್ಚಿ. ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ತೂತು ಮಾಡಿ, ಅದದೇ ಜಾಗಕ್ಕೆ ಚುಚ್ಚಿಡಿ. ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ. ಮಾಸ್ಕ್ ಹಾಕಿಕೊಂಡು ಒರೆಸಿ. ಪುಲ್ಲಿ ನಟ್ ಬಿಚ್ಚಲು ಹೋಲ್ಡರ್ ಬಳಸಿ. ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ರೆಕ್ಕೆ ಮುರಿಯುತ್ತದೆ. ವೇರಿಯೇಟರ್, ಅಂದರೆ ಮುಂದಿನ ಪುಲ್ಲಿಯ ರೋಲರ್ ಇರುವ ಬದಿ, ಹೊರಗೆ ಎಳೆಯುವಾಗ ಹಿಂದಿನ ತಟ್ಟೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ನಡುವಿನ ಕೊಳವೆ, ಅಂದರೆ ಬುಷ್ ಸಮೇತ ತೆಗೆಯಿರಿ. ಇಲ್ಲವಾದರೆ ರೋಲರ್ ಒಳಗೇ ಉದುರುತ್ತವೆ.

ಈಗ ರೋಲರ್ ನೋಡಿ. ಒಂದು ಕಡೆ ಚಪ್ಪಟೆ ಆಗಿದ್ದರೆ ಆ ಸೆಟ್ ಬಿಸಾಕಿ. ತೂಕವನ್ನು ನಾನು ಪರಿಚಯದ ಪತ್ತಾರರ ಬಂಗಾರದ ತಕ್ಕಡಿಯಲ್ಲಿ ಮಾಡಿಸುತ್ತೇನೆ. ಹೊಸ ಪ್ಯಾಕೆಟ್ ಮೇಲೆ ಬರೆದ ತೂಕ ನಂಬಿ ಹಾಕಿದ ಸೆಟ್ ಒಂದೊಂದು ಒಂದೊಂದು ತೂಕ ಇದ್ದದ್ದನ್ನು ಕಂಡಿದ್ದೇನೆ. ಒಂದೇ ಸಲ ಎರಡು ಗ್ರಾಂ ಏರಿಸಬೇಡಿ. ಮೊದಲು ಒಂದು ಬಿಟ್ಟು ಒಂದರಂತೆ ಮೂರು 13, ಮೂರು 14 ಹಾಕಿದೆ. ಒಟ್ಟು 81 ಗ್ರಾಂ. ಮೀಟರ್ 8,200ಕ್ಕೆ ಇಳಿಯಿತು. ಆಮೇಲೆ ಆರೂ 14. ಒಟ್ಟು 84, ಮೀಟರ್ 8,050. ಅಲ್ಲಿಗೆ ನಿಲ್ಲಿಸಿದೆ. ಪ್ರತಿ ಸಲವೂ ಅದೇ ರಸ್ತೆ, ಅವನೊಬ್ಬನೇ ಸವಾರ. ಒಂದು ಸಲ ಒಬ್ಬರು, ಇನ್ನೊಂದು ಸಲ ಇಬ್ಬರು ಕೂತು ನೋಡಿದರೆ ಏನು ತಿಳಿಯುತ್ತದೆ, ಹೇಳಿ?

ಗ್ರೀಸ್ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಕೆಲವು ಗಾಡಿಗಳ ವೇರಿಯೇಟರ್‌ಗೆ ಕಂಪನಿಯೇ ಗ್ರೀಸ್ ಹೇಳಿದೆ, ಎಷ್ಟೋ ಗಾಡಿಗೆ ಒಣಗಿದ್ದೇ ಸರಿ. ಕೆಲಸ ಕಲಿಯುವ ದಿನಗಳಲ್ಲಿ ಒಣ ರೋಲರ್‌ಗೆ ನಾನು ಗ್ರೀಸ್ ಹಚ್ಚಿಬಿಟ್ಟೆ. ಅದು ಬೆಲ್ಟ್‌ಗೆ ಸಿಡಿಯಿತು. ಗಿರಾಕಿಯೊಬ್ಬರು ಹೆಂಡತಿ, ಮಗುವಿನ ಜೊತೆ ಘಾಟ್ ಏರಿನಲ್ಲಿ ನಿಂತುಬಿಟ್ಟರು. ಆ ರಾತ್ರಿ ನಾನು ಟೆಂಪೋ ಒಯ್ದು ಗಾಡಿ ತಂದೆ. ಇವತ್ತಿಗೂ ಬೆಲ್ಟ್ ಮುಟ್ಟುವ ಮುಂಚೆ ಕೈ ತೊಳೆಯುತ್ತೇನೆ.

ಜೋಡಿಸುವಾಗ ಹೆಚ್ಚು ಜನ ತಪ್ಪುವುದು ಒಂದೇ ಕಡೆ. ಹಿಂದಿನ ಪುಲ್ಲಿಯನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತಿ. ಆಗ ಮುಂದೆ ಬೆಲ್ಟ್ ಸಡಿಲ ಆಗುತ್ತದೆ. ಹಾಗೆ ಮಾಡದಿದ್ದರೆ ನಟ್ ಬಿಗಿಯುವಾಗ ಪುಲ್ಲಿಯ ತಟ್ಟೆ ಬುಷ್‌ಗೆ ಕೂರದೆ ಬೆಲ್ಟನ್ನೇ ಹಿಸುಕುತ್ತದೆ. ನಟ್ ಬಿಗಿ ಆಯಿತು ಅನ್ನಿಸುತ್ತದೆ. ಓಡಿದ ಮೇಲೆ ಸಡಿಲಾಗಿ ಶಾಫ್ಟ್‌ನ ಹಲ್ಲು ತಿನ್ನುತ್ತದೆ. ಆ ರಿಪೇರಿ ತುಂಬಾ ದುಬಾರಿ. ಬೆಲ್ಟ್ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗಿರಲಿ. ನಟ್‌ಗೆ ಬಿಗಿ ಎಷ್ಟೆಂದು ತೋರಿಸುವ ಟಾರ್ಕ್ ಪಾನಾ ಬಳಸಿ, ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಿರಿ.

ಕವರ್ ಮುಚ್ಚುವ ಮುಂಚೆ ಮುಂದಿನ ಪುಲ್ಲಿಯ ಒಳಮೈಮೇಲೆ ನಡುವಿನಿಂದ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಸುಮ್ನೆ ಒಂದು ರೌಂಡ್ ಜೋರಾಗಿ ಓಡಿಸಿ ಬಂದು ಮತ್ತೆ ಬಿಚ್ಚಿ ನೋಡಿ. ಬೆಲ್ಟ್ ಏರಿದಷ್ಟು ಗೆರೆ ಅಳಿಸಿರುತ್ತದೆ. ಅಂಚಿನ ಹತ್ತಿರದವರೆಗೆ ಅಳಿಸಿದ್ದರೆ ಟಾಪ್ ಸ್ಪೀಡ್ ಪೂರ್ತಿ ಸಿಗುತ್ತಿದೆ. ತುಂಬಾ ಕೆಳಗೇ ನಿಂತಿದ್ದರೆ ಬೆಲ್ಟ್ ಸವೆದಿದೆಯಾ ಅಂತ ವರ್ನಿಯರ್ ಅಳತೆಪಟ್ಟಿಯಿಂದ ಅದರ ಅಗಲ ಅಳೆಯಿರಿ.

ದೊಡ್ಡ ಸ್ಪ್ರಿಂಗ್, ಕ್ಲಚ್ ಸ್ಪ್ರಿಂಗ್ ಸದ್ಯ ಮುಟ್ಟಬೇಡಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಬಿಸಿಯಾಗುತ್ತದೆ. ಹಿಂದಿನ ಗೇರ್‌ಬಾಕ್ಸ್ ಹಲ್ಲು ಬದಲಿಸುವ ಮಾತೇ ಬೇಡ, ಆಯಿಲ್ ಮಾತ್ರ ಹೊತ್ತಿಗೆ ಬದಲಿಸಿ.

ಭಾರದ ರೋಲರ್ ಹಾಕಿದ ಮೇಲೆ ಘಾಟ್ ಇಳಿಯುವಾಗ ಎಂಜಿನ್ ಹಿಡಿತ ಮೊದಲಿಗಿಂತ ಕಡಿಮೆ ಆಗುತ್ತದೆ. ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ. ಎಂಜಿನ್ ಆಫ್ ಮಾಡಿ ಇಳಿಯಬೇಡಿ. ಅಳಿಯನಿಗೆ ಇದನ್ನೇ ಮೂರು ಸಲ ಹೇಳಿ, ಹಳೆಯ 13ರ ಸೆಟ್ಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ "ಬೆಳಗಾವಿ" ಅಂತ ಬರೆದು ಡಿಕ್ಕಿಯಲ್ಲಿ ಇಟ್ಟು ಕಳಿಸಿದೆ.