ಆರ್‌ವಿ ಪ್ರವಾಸದಲ್ಲಿ ರಾತ್ರಿ ತಂಗುವ ಜಾಗವನ್ನು ಆರಿಸುವುದು ಹೇಗೆ?

ಬೇಸಿಗೆ ರಜೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ಅಮೆರಿಕದ ಕನ್ನಡಿಗ ಕುಟುಂಬಗಳು ಆರ್‌ವಿಯನ್ನು, ಅಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ಮನೆಯಂಥ ಗಾಡಿಯನ್ನು, ಬಾಡಿಗೆಗೆ ಪಡೆದು ರಾಷ್ಟ್ರೀಯ ಉದ್ಯಾನಗಳತ್ತ ಹೊರಡುವುದುಂಟು. ಮನೆಯ ಊಟ, ಕೈಗೆಟಕುವ ಶೌಚಾಲಯ, ಹಿರಿಯರಿಗೆ ಬೇಕಾದಾಗ ಕಾಲು ಚಾಚಲು ಹಾಸಿಗೆ ಎಲ್ಲವೂ ಜೊತೆಯಲ್ಲೇ ಬರುವುದರಿಂದ ಈ ಬಗೆಯ ಪ್ರವಾಸ ನಮ್ಮ ಕುಟುಂಬಗಳಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಹೆಚ್ಚಿನವರು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡಿ, ರಾತ್ರಿಯ ತಂಗುದಾಣವನ್ನು ಕೊನೆಗೆ ಹುಡುಕುತ್ತಾರೆ. ಆರ್‌ವಿಯ ಮಟ್ಟಿಗೆ ಈ ಕ್ರಮ ತಲೆಕೆಳಗು. ಹೋಟೆಲಿನಲ್ಲಿ ನೀರು, ವಿದ್ಯುತ್ತು, ಕೊಳಚೆಯ ವಿಲೇವಾರಿ ಇವೆಲ್ಲ ಬೇರೆಯವರ ಹೊಣೆ. ಆರ್‌ವಿಯಲ್ಲಿ ಅವೆಲ್ಲ ನಿಮ್ಮ ಜೊತೆಯಲ್ಲೇ ಸಾಗುತ್ತವೆ, ಖಾಲಿಯಾಗುತ್ತವೆ ಅಥವಾ ತುಂಬುತ್ತವೆ. ಆದ್ದರಿಂದ ರಾತ್ರಿಗಳನ್ನು ಮೊದಲು ಗೊತ್ತುಮಾಡಿಕೊಂಡು, ಹಗಲಿನ ಸುತ್ತಾಟವನ್ನು ಅವುಗಳ ನಡುವೆ ಜೋಡಿಸಬೇಕು. ಲಾಸ್ ವೇಗಾಸ್‌ನಿಂದ ಹೊರಟು ಯೂಟಾದ ಜಯಾನ್, ಬ್ರೈಸ್ ಕ್ಯಾನ್ಯನ್ ಮತ್ತು ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚನ್ನು ನೋಡಿ ಮರಳುವ ದಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಹೇಗೆ ಮಾಡಬಹುದೆಂದು ಇಲ್ಲಿ ವಿವರಿಸಲಾಗಿದೆ.

ಮೊದಲು ಗಾಡಿಯ ಅಳತೆ

ಬಾಡಿಗೆಗೆ ಸಿಗುವ ಆರ್‌ವಿಗಳಲ್ಲಿ ಹೆಚ್ಚಿನವು ಕ್ಲಾಸ್ ಸಿ ಎಂಬ ಬಗೆಯವು. ಚಾಲಕನ ತಲೆಯ ಮೇಲೆ ಅಟ್ಟದಂತೆ ಒಂದು ಹಾಸಿಗೆ ಇರುವ ಈ ಗಾಡಿಗಳು ಸಾಮಾನ್ಯವಾಗಿ 20ರಿಂದ 30 ಅಡಿ ಉದ್ದ, ಸುಮಾರು 12 ಅಡಿ ಎತ್ತರ ಇರುತ್ತವೆ. ಬಾಡಿಗೆ ಕಂಪನಿಯಿಂದ ಉದ್ದ, ಎತ್ತರ, ಕನ್ನಡಿಗಳೂ ಸೇರಿದ ಅಗಲ ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳದೆ ಒಂದು ಜಾಗವನ್ನೂ ಕಾಯ್ದಿರಿಸಬೇಡಿ. ಗ್ರ್ಯಾಂಡ್ ಕ್ಯಾನ್ಯನ್‌ನ ಮಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ, ಅಂದರೆ ಗಾಡಿ ನಿಲ್ಲಿಸಿ ಇಲ್ಲವೇ ಡೇರೆ ಹಾಕಿ ತಂಗುವ ಜಾಗದಲ್ಲಿ, 30 ಅಡಿಗಿಂತ ಉದ್ದದ ಗಾಡಿಗೆ ಜಾಗವಿಲ್ಲ. ಅದರ ಪಕ್ಕದಲ್ಲೇ ಇರುವ ಟ್ರೇಲರ್ ವಿಲೇಜ್‌ನಲ್ಲಿ 50 ಅಡಿಯವರೆಗೂ ನಿಲ್ಲಿಸಬಹುದು.

ಅಳತೆಯು ತಂಗುದಾಣವನ್ನು ಮಾತ್ರವಲ್ಲದೆ ಅಲ್ಲಿಗೆ ಹೋಗುವ ದಾರಿಯನ್ನೂ ನಿರ್ಧರಿಸುತ್ತದೆ. ಜಯಾನ್‌ನಿಂದ ಬ್ರೈಸ್ ಕಡೆಗೆ ಹೋಗುವ ಹತ್ತಿರದ ರಸ್ತೆಯಲ್ಲಿ 1930ರಲ್ಲಿ ಪೂರ್ಣಗೊಂಡ, ಒಂದು ಮೈಲಿಗಿಂತ ಉದ್ದದ ಸುರಂಗವಿದೆ. 11 ಅಡಿ 4 ಇಂಚಿಗಿಂತ ಎತ್ತರದ ವಾಹನಗಳಿಗೆ ಅಲ್ಲಿ ನಿರ್ಬಂಧವಿದೆ, ಅಂದರೆ ಸಾಮಾನ್ಯ ಕ್ಲಾಸ್ ಸಿ ಗಾಡಿಯೂ ಅದರ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಗಾಡಿಗೆ ಅನ್ವಯಿಸುವ ನಿಯಮವನ್ನು ಉದ್ಯಾನದ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳದೆ ಹೊರಟರೆ, ಸುತ್ತುದಾರಿ ಹಿಡಿದು ಬ್ರೈಸ್‌ಗೆ ತಡವಾಗಿ ತಲುಪಬೇಕಾಗುತ್ತದೆ. ಮಾಂಟಾನಾದ ಗ್ಲೇಸಿಯರ್ ಉದ್ಯಾನಕ್ಕೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು: ಅಲ್ಲಿನ ಪ್ರಸಿದ್ಧ ಗೋಯಿಂಗ್ ಟು ದ ಸನ್ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವೇ ಇಲ್ಲ.

ಆಮೇಲೆ ಟ್ಯಾಂಕುಗಳ ಲೆಕ್ಕ

ಆರ್‌ವಿಯಲ್ಲಿ ಮೂರು ಟ್ಯಾಂಕುಗಳಿರುತ್ತವೆ. ಒಂದು ಬಳಸುವ ಶುದ್ಧ ನೀರಿನದು. ಎರಡನೆಯದು ಸ್ನಾನ ಮತ್ತು ಪಾತ್ರೆ ತೊಳೆದ ನೀರು ಸೇರುವ ಗ್ರೇ ಟ್ಯಾಂಕ್. ಮೂರನೆಯದು ಶೌಚಾಲಯದ ಬ್ಲ್ಯಾಕ್ ಟ್ಯಾಂಕ್. ಮಧ್ಯಮ ಗಾತ್ರದ ಬಾಡಿಗೆ ಗಾಡಿಯಲ್ಲಿ ಶುದ್ಧ ನೀರು ಹೆಚ್ಚುಕಡಿಮೆ 40 ಗ್ಯಾಲನ್, ಅಂದರೆ 150 ಲೀಟರ್ ಹಿಡಿಸುತ್ತದೆ. ಕೊಳೆನೀರಿನ ಎರಡು ಟ್ಯಾಂಕುಗಳು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕವು. ಅಕ್ಕಿ ತೊಳೆದು, ಸಾರು ಪಲ್ಯ ಮಾಡಿ, ಎಣ್ಣೆ ಜಿಡ್ಡಿನ ಪಾತ್ರೆಗಳನ್ನು ಉಜ್ಜುವ ನಮ್ಮ ಅಡುಗೆಮನೆಯ ಪದ್ಧತಿಯಲ್ಲಿ ಗ್ರೇ ಟ್ಯಾಂಕ್ ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಶೌಚಕ್ಕೆ ನೀರನ್ನೇ ಬಳಸುವುದರಿಂದ ಬ್ಲ್ಯಾಕ್ ಟ್ಯಾಂಕ್ ಕೂಡ ಗಾಡಿಯ ಕೈಪಿಡಿ ಹೇಳುವುದಕ್ಕಿಂತ ಬೇಗ ತುಂಬುತ್ತದೆ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಹಿರಿಯರಿಗೆ ನೀರು ಕಡಿಮೆ ಬಳಸಿ ಎಂದು ದಿನವಿಡೀ ಹೇಳುವುದಕ್ಕಿಂತ, ಟ್ಯಾಂಕ್ ಖಾಲಿ ಮಾಡುವ ರಾತ್ರಿಯನ್ನು ಮೊದಲೇ ಗೊತ್ತುಮಾಡುವುದು ಎಷ್ಟೋ ಒಳ್ಳೆಯದು.

ನೀರಿನ ನಲ್ಲಿ, ವಿದ್ಯುತ್ ಸಂಪರ್ಕ ಮತ್ತು ಕೊಳಚೆ ಕೊಳವೆ ಮೂರೂ ಇರುವ ಜಾಗಕ್ಕೆ ಫುಲ್ ಹುಕಪ್ ಎನ್ನುತ್ತಾರೆ. ನಾಲ್ಕೈದು ಮಂದಿಯ ಕುಟುಂಬವಾದರೆ, ಹುಕಪ್ ಇಲ್ಲದ ಎರಡು ರಾತ್ರಿಗಳ ಬೆನ್ನಿಗೆ ಫುಲ್ ಹುಕಪ್‌ನ ಒಂದು ರಾತ್ರಿ ಬರುವಂತೆ ಯೋಜಿಸಿ ಎಂಬುದು ನನ್ನ ಸಲಹೆ. ಮೊದಲ ರಾತ್ರಿಯಂತೂ ಗಾಡಿ ಪಡೆದ ಊರಿನ ಆಸುಪಾಸಿನಲ್ಲೇ ಫುಲ್ ಹುಕಪ್ ಇರುವ ಜಾಗವಾಗಲಿ. ಬಿಸಿನೀರು ಬರುತ್ತಿಲ್ಲ, ಫ್ರಿಜ್ ತಣ್ಣಗಾಗುತ್ತಿಲ್ಲ ಎಂಬಂಥ ತೊಂದರೆಗಳು ಕಂಡರೆ ಬಾಡಿಗೆ ಕಂಪನಿ ಇನ್ನೂ ಹತ್ತಿರದಲ್ಲಿರುತ್ತದೆ.

ವಿದ್ಯುತ್ತಿನ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಮಧ್ಯಮ ಗಾತ್ರದ ಗಾಡಿಗಳಿಗೆ 30 ಆಂಪಿಯರ್ ಸಂಪರ್ಕ ಸಾಕು. 120 ವೋಲ್ಟ್‌ನಲ್ಲಿ ಅದು 3600 ವಾಟ್ ಕೊಡುತ್ತದೆ. ಅಷ್ಟರಲ್ಲಿ ಎ.ಸಿ. ಒಂದು ಆರಾಮವಾಗಿ ನಡೆಯುತ್ತದೆ, ಆದರೆ ಅದರ ಜೊತೆಗೆ ಮೈಕ್ರೋವೇವ್ ಮತ್ತು ವಿದ್ಯುತ್ ಕುಕ್ಕರ್ ಎರಡನ್ನೂ ಹಾಕಿದರೆ ಬ್ರೇಕರ್ ಬೀಳುತ್ತದೆ. ಸಂಪರ್ಕವಿಲ್ಲದ ಜಾಗದಲ್ಲಿ ಬಾಡಿಗೆ ಗಾಡಿಯ ಬ್ಯಾಟರಿಯಿಂದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ನಡೆದಾವು, ಎ.ಸಿ.ಗೆ ಜನರೇಟರೇ ಬೇಕು. ಆದರೆ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸಾಮಾನ್ಯವಾಗಿ ಸದ್ದು ಮಾಡುವಂತಿಲ್ಲ. ಉಸಿರಾಟದ ತೊಂದರೆಯಿಂದಾಗಿ ರಾತ್ರಿಯಿಡೀ ಯಂತ್ರ ಹಾಕಿಕೊಂಡು ಮಲಗಬೇಕಾದ ಹಿರಿಯರು ಜೊತೆಯಲ್ಲಿದ್ದರೆ ವಿದ್ಯುತ್ ಸಂಪರ್ಕವಿಲ್ಲದ ಜಾಗವನ್ನು ಆರಿಸಲೇಬೇಡಿ.

ಎತ್ತರ ಮತ್ತು ಹವೆ

ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ತಾಣಗಳ ರಾತ್ರಿ ಒಂದೇ ತೆರನಾಗಿ ಇರುವುದಿಲ್ಲ. ಜುಲೈನಲ್ಲಿ ಲಾಸ್ ವೇಗಾಸ್‌ನ ರಾತ್ರಿ ಎ.ಸಿ. ಇಲ್ಲದೆ ಕಳೆಯುವಂಥದ್ದಲ್ಲ, ಅದೇ ತಿಂಗಳಲ್ಲಿ, ಸುಮಾರು 8,000 ಅಡಿ ಎತ್ತರದ ಬ್ರೈಸ್‌ನಲ್ಲಿ ಬೆಳಗಿನ ಜಾವಕ್ಕೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಹೀಗಾಗಿ ಬೇಸಿಗೆಯಲ್ಲಿ ತಗ್ಗಿನ, ಬಿಸಿ ನಾಡಿನ ರಾತ್ರಿಗಳಿಗೆ ವಿದ್ಯುತ್ ಸಂಪರ್ಕವನ್ನು ಮೀಸಲಿಟ್ಟು, ಎತ್ತರದ ತಾಣಗಳಲ್ಲಿ ಅದಿಲ್ಲದೆ ಕಂಬಳಿ ಹೊದ್ದು ಮಲಗುವುದು ಜಾಣತನ. ಬ್ರೈಸ್ ಉದ್ಯಾನದ ಒಳಗಿನ ನಾರ್ತ್ ಮತ್ತು ಸನ್‌ಸೆಟ್ ಎಂಬ ಎರಡು ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಹುಕಪ್ ಇಲ್ಲ, ಆದರೆ ಬೇಸಿಗೆಯಲ್ಲಿ ಅದರ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಜಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ವಿದ್ಯುತ್ ಇರುವ ಜಾಗಗಳಿವೆ. ತಗ್ಗಿನಲ್ಲಿರುವ ಆ ಕಣಿವೆಯ ಸೆಕೆಗೆ ಅವೇ ಸರಿ.

ಕಾಯ್ದಿರಿಸುವುದು

ಒಕ್ಕೂಟ ಸರ್ಕಾರದ ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳನ್ನು ರಿಕ್ರಿಯೇಶನ್ ಡಾಟ್ ಗವ್ ಜಾಲತಾಣದಲ್ಲಿ ಕಾಯ್ದಿರಿಸಬೇಕು. ಮಾದರ್, ವಾಚ್‌ಮನ್ ಮುಂತಾದ ಜನಪ್ರಿಯ ತಾಣಗಳ ಬುಕಿಂಗ್ ಆರು ತಿಂಗಳು ಮುಂಚೆಯೇ ತೆರೆಯುತ್ತದೆ, ಬೇಸಿಗೆಯ ವಾರಾಂತ್ಯಗಳು ಬೇಗ ಮುಗಿದುಹೋಗುತ್ತವೆ. ಅಪ್ಪ ಅಮ್ಮನ ವಿಮಾನದ ಟಿಕೆಟ್ ಕೊಂಡ ದಿನವೇ ಇದನ್ನೂ ನೋಡಿಬಿಡುವುದು ಒಳಿತು. ಒಂದೇ ಉದ್ಯಾನದಲ್ಲಿ ಎರಡು ಬುಕಿಂಗ್ ವ್ಯವಸ್ಥೆಗಳಿರಬಹುದೆಂಬುದು ಹಲವರಿಗೆ ಗೊತ್ತಿರುವುದಿಲ್ಲ: ಟ್ರೇಲರ್ ವಿಲೇಜ್ ಗ್ರ್ಯಾಂಡ್ ಕ್ಯಾನ್ಯನ್‌ನ ಒಳಗೇ ಇದ್ದರೂ ಅದನ್ನು ನಡೆಸುವುದು ಗುತ್ತಿಗೆ ಕಂಪನಿ, ಆದ್ದರಿಂದ ಅದರ ಬುಕಿಂಗ್ ಬೇರೆ ಜಾಲತಾಣದಲ್ಲಿ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಕೂಡ ಹೀಗೆಯೇ. ಆ ಉದ್ಯಾನದೊಳಗೆ ಫುಲ್ ಹುಕಪ್ ಇರುವುದು ಅಲ್ಲಿ ಮಾತ್ರ. ಗ್ರಿಜ್ಲಿ ಕರಡಿಗಳ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗಳನ್ನಷ್ಟೇ ಬಿಡುತ್ತಾರೆ, ಬಟ್ಟೆಯ ಗೋಡೆಯ ಟ್ರೇಲರ್‌ಗಳಿಗೂ ಡೇರೆಗಳಿಗೂ ಅವಕಾಶವಿಲ್ಲ. ಉದ್ಯಾನಗಳ ವಾರ್ಷಿಕ ಪಾಸ್ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ, ರಾತ್ರಿಯ ಬಾಡಿಗೆಯನ್ನು ಪ್ರತ್ಯೇಕವಾಗಿ ಕೊಡಬೇಕು.

ಜಾಗದ ಪುಟವನ್ನು ತಾಳ್ಮೆಯಿಂದ ಓದಿ. ಮೇಲ್ಗಡೆ ಕಾಣುವ ಚಿತ್ರಕ್ಕಿಂತ ಕೆಳಗಿನ ವಿವರಗಳೇ ಮುಖ್ಯ. ‘ಟೆಂಟ್ ಓನ್ಲಿ’ ಎಂದಿದ್ದರೆ ಅದನ್ನು ಅಲ್ಲಿಗೇ ಬಿಡಿ. ‘ನಾನ್ ಎಲೆಕ್ಟ್ರಿಕ್’ ಎಂದಿದ್ದರೆ ವಿದ್ಯುತ್ ಇಲ್ಲ. ಗರಿಷ್ಠ ವಾಹನದ ಉದ್ದ ನಿಮ್ಮ ಗಾಡಿಗಿಂತ ಎರಡು ಮೂರು ಅಡಿಯಾದರೂ ಹೆಚ್ಚಿರಲಿ, ಏಕೆಂದರೆ ಹಿಂಬದಿಯಲ್ಲಿ ಮರವೋ ಬಂಡೆಯೋ ಇದ್ದರೆ ಅಷ್ಟೂ ಉದ್ದ ಬಳಕೆಗೆ ಸಿಗುವುದಿಲ್ಲ. ಪ್ರವೇಶದ ಬಗೆ ‘ಪುಲ್ ಥ್ರೂ’ ಎಂದಿದ್ದರೆ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಹೊರಬರಬಹುದು. ‘ಬ್ಯಾಕ್ ಇನ್’ ಎಂದಿದ್ದರೆ ರಿವರ್ಸ್‌ನಲ್ಲಿ ನಿಲ್ಲಿಸಬೇಕು. ಮೊದಲ ಸಲ ಆರ್‌ವಿ ಓಡಿಸುವವರು ಪುಲ್ ಥ್ರೂ ಜಾಗಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ತಪ್ಪಿಲ್ಲ. ನೆಲ ಸಮತಟ್ಟಾಗಿದೆಯೇ ಎಂಬ ವಿವರವಿದ್ದರೆ ಅದನ್ನೂ ನೋಡಿ. ಗ್ಯಾಸಿನ ಮೇಲೆ ನಡೆಯುವ ಫ್ರಿಜ್‌ಗಳು ಗಾಡಿ ವಾಲಿ ನಿಂತರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಳಗಿರುವ ಹಾಲು ಮೊಸರು ಕೆಡುತ್ತವೆ.

ಉದ್ಯಾನದೊಳಗೆ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ರಾಜ್ಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳು ಹಲವೆಡೆ ವಿಶಾಲವಾಗಿರುತ್ತವೆ, ಬಾಡಿಗೆಯೂ ಹೆಚ್ಚಿರುವುದಿಲ್ಲ. ಖಾಸಗಿ ವಲಯದಲ್ಲಿ 1962ರಲ್ಲಿ ಮಾಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದ ಕೆಒಎ ಸರಣಿಯ ತಾಣಗಳು ದೇಶದ ಉದ್ದಗಲಕ್ಕೂ ಇವೆ. ಬಟ್ಟೆ ಒಗೆಯುವ ಯಂತ್ರ, ಬಿಸಿನೀರಿನ ಸ್ನಾನಗೃಹ, ಮಕ್ಕಳ ಆಟದ ಜಾಗ ಸಾಮಾನ್ಯವಾಗಿ ಸಿಗುತ್ತವೆ. ಗಾಡಿಗಳು ಒತ್ತೊತ್ತಾಗಿ ನಿಲ್ಲುವುದೊಂದು ಕೊರತೆ, ಆದರೆ ಫುಲ್ ಹುಕಪ್‌ನ ರಾತ್ರಿಯ ಉದ್ದೇಶಕ್ಕೆ ಅದು ಅಡ್ಡಿಯಲ್ಲ.

ಹಣ ಕೊಡದೆ ತಂಗಬಹುದೇ?

ತಂಗಬಹುದು, ಷರತ್ತುಗಳಿವೆ. ಪಶ್ಚಿಮದ ರಾಜ್ಯಗಳಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಕ್ಕೂಟ ಸರ್ಕಾರದ ಸಂಸ್ಥೆಗೆ ಸೇರಿದ ಬಯಲುಗಳಲ್ಲೂ ರಾಷ್ಟ್ರೀಯ ಅರಣ್ಯಗಳಲ್ಲೂ, ನಿಷೇಧವಿಲ್ಲದ ಕಡೆ, ಸಾಮಾನ್ಯವಾಗಿ 14 ದಿನಗಳವರೆಗೆ ಉಚಿತವಾಗಿ ಉಳಿಯಬಹುದು. ನೀರಿಲ್ಲ, ಶೌಚಾಲಯವಿಲ್ಲ, ಕಸದ ತೊಟ್ಟಿಯಿಲ್ಲ, ಹಲವೆಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಅಲ್ಲಿಗೆ ಹೋಗುವ ಮಣ್ಣುರಸ್ತೆಗಳಲ್ಲಿ ಗಾಡಿ ಓಡಿಸುವುದನ್ನು ಅನೇಕ ಬಾಡಿಗೆ ಕರಾರುಗಳು ನಿಷೇಧಿಸುತ್ತವೆ, ಆದ್ದರಿಂದ ಕರಾರನ್ನು ಓದಿಯೇ ನಿರ್ಧರಿಸಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಿಜೋನಾ, ಯೂಟಾಗಳಲ್ಲಿ ಮಳೆಗಾಲ. ಎಲ್ಲೋ ದೂರದಲ್ಲಿ ಸುರಿದ ಮಳೆ ಒಣಹಳ್ಳಗಳಲ್ಲಿ ಹಠಾತ್ತನೆ ಪ್ರವಾಹವಾಗಿ ಬರುತ್ತದೆ. ಮರಳು ಹಾಸಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ಗಾಡಿ ನಿಲ್ಲಿಸಬಾರದು. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಕುಟುಂಬ ಮೊದಲ ಪ್ರವಾಸದಲ್ಲೇ ಇಂಥ ಜಾಗಗಳಿಗೆ ಹೋಗುವುದು ಬೇಡ.

ದೂರದ ಊರುಗಳ ನಡುವೆ ಒಂದು ರಾತ್ರಿ ಕಣ್ಣು ಮುಚ್ಚಿದರೆ ಸಾಕು ಎನ್ನುವವರಿಗೆ ವಾಲ್‌ಮಾರ್ಟ್‌ನಂಥ ಅಂಗಡಿಗಳ ಪಾರ್ಕಿಂಗ್ ಜಾಗ, ಲಾರಿಗಳು ತಂಗುವ ಪೆಟ್ರೋಲ್ ಬಂಕುಗಳು, ಹೆದ್ದಾರಿಯ ವಿಶ್ರಾಂತಿ ತಾಣಗಳಿವೆ. ಅಂಗಡಿಯಲ್ಲಿ ಅನುಮತಿ ಆಯಾ ಮ್ಯಾನೇಜರ್ ಮತ್ತು ಊರಿನ ಕಾನೂನಿನ ಮೇಲೆ ನಿಂತಿರುತ್ತದೆ, ಒಳಗೆ ಹೋಗಿ ಕೇಳಿಯೇ ನಿಲ್ಲಿಸಬೇಕು. ಕುರ್ಚಿ ಹಾಕಿ, ಒಲೆ ಹೊರಗಿಟ್ಟು ಅಡುಗೆ ಮಾಡಬಾರದು. ವಿಶ್ರಾಂತಿ ತಾಣಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ ನಿಲ್ಲಬಹುದು. ಕೆಲವು ರಾಜ್ಯಗಳಲ್ಲಿ ರಾತ್ರಿ ತಂಗುವಂತೆಯೇ ಇಲ್ಲ.

ಬೆಳಕಿರುವಾಗಲೇ ತಲುಪಿ

ಒಂದು ದಿನಕ್ಕೆ 300 ಮೈಲಿಗಿಂತ, ಅಂದರೆ ಸುಮಾರು 480 ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರರ ಹೊತ್ತಿಗೆ ತಂಗುದಾಣ ಸೇರಬೇಕು ಎಂಬ ಮಾತು ಆರ್‌ವಿ ಬಳಗದಲ್ಲಿ ಚಾಲ್ತಿಯಲ್ಲಿದೆ. ಮಕ್ಕಳು ಮತ್ತು ಹಿರಿಯರೊಂದಿಗೆ 200 ಮೈಲಿಯೇ ಹೆಚ್ಚು ಎಂದು ನಾನು ಹೇಳುತ್ತೇನೆ. ಮುಸ್ಸಂಜೆಯ ನಂತರ ಈ ರಸ್ತೆಗಳಿಗೆ ಜಿಂಕೆ, ಎಲ್ಕ್‌ಗಳು ಬರುತ್ತವೆ. ಬೇಸಿಗೆಯಲ್ಲಿ ಯೂಟಾದ ಗಡಿಯಾರ ಅರಿಜೋನಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ತಲುಪುವ ಸಮಯ ಎಣಿಸುವಾಗ ಸೇರಿಸಿಕೊಳ್ಳಿ.

ಹಗಲಿನಲ್ಲಿ ತಲುಪಿದರೆ ಸಂಪರ್ಕಗಳನ್ನು ನೆಮ್ಮದಿಯಿಂದ ಜೋಡಿಸಬಹುದು. ಮೊದಲು ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ. ವಿದ್ಯುತ್ ಕಂಬದ ಪೆಟ್ಟಿಗೆಯ ಬ್ರೇಕರನ್ನು ಆಫ್ ಮಾಡಿ, ಗಾಡಿಯ ತಂತಿಯನ್ನು ಸಿಕ್ಕಿಸಿ, ಆಮೇಲಷ್ಟೇ ಬ್ರೇಕರನ್ನು ಮೇಲೆತ್ತಿ. ಕುಡಿಯುವ ನೀರಿಗೆ ಸಾಮಾನ್ಯವಾಗಿ ಬಿಳಿ ಅಥವಾ ನೀಲಿ ಬಣ್ಣದ ಪ್ರತ್ಯೇಕ ಕೊಳವೆ ಇರುತ್ತದೆ, ಅದನ್ನು ಬೇರಾವ ಕೆಲಸಕ್ಕೂ ಬಳಸಬೇಡಿ. ಕೊಳಚೆ ಕೊಳವೆಯನ್ನು ಕೈಗವಸು ತೊಟ್ಟು ಜೋಡಿಸಿ, ಮೊದಲು ಬ್ಲ್ಯಾಕ್ ಟ್ಯಾಂಕನ್ನೂ ಆಮೇಲೆ ಗ್ರೇ ಟ್ಯಾಂಕನ್ನೂ ಖಾಲಿ ಮಾಡಿ. ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ರಾತ್ರಿಯಿಡೀ ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ತೆರೆದಿಡಬಾರದು, ನೀರೆಲ್ಲ ಹರಿದುಹೋಗಿ ಘನವಸ್ತು ಒಳಗೇ ಗಟ್ಟಿಯಾಗುತ್ತದೆ.

ಗಾಡಿ ಹಿಂತಿರುಗಿಸುವ ಹಿಂದಿನ ರಾತ್ರಿಗೂ ಬಾಡಿಗೆ ಕಚೇರಿಯಿಂದ ಒಂದು ಗಂಟೆಯ ದಾರಿಯೊಳಗೆ ಫುಲ್ ಹುಕಪ್ ಇರುವ ಜಾಗವನ್ನೇ ಹಿಡಿಯಿರಿ. ಟ್ಯಾಂಕುಗಳು ತುಂಬಿದ್ದರೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕ ಹಾಕುತ್ತವೆ. ಅವನ್ನು ಅಲ್ಲೇ ಖಾಲಿ ಮಾಡಿ, ಉಳಿದ ದಿನಸಿಯನ್ನು ಕಟ್ಟಿಟ್ಟು, ಬೆಳಿಗ್ಗೆ ದಾರಿಯಲ್ಲಿ ಪೆಟ್ರೋಲ್ ಮತ್ತು ಪ್ರೋಪೇನ್ ಗ್ಯಾಸ್ ತುಂಬಿಸಿಕೊಂಡು ಕಚೇರಿ ತೆರೆಯುವ ಹೊತ್ತಿಗೆ ಹೋಗಿ.