ಕೋಲ್ಡ್ ಕಾಫಿ: 420 ಕ್ಯಾಲೊರಿಯಿಂದ 130ಕ್ಕೆ ಇಳಿಸಿದ ನನ್ನ ಅನುಭವ

ನಮ್ಮ ಅಂಗಡಿಯ ಕೋಲ್ಡ್ ಕಾಫಿಯಲ್ಲಿ ಮೊದಲು ಲೋಟಕ್ಕೆ ಸುಮಾರು 420 ಕ್ಯಾಲೊರಿ ಇತ್ತು. ಈಗ 130ರ ಆಸುಪಾಸಿಗೆ ಬಂದಿದೆ. ಸ್ಟೀವಿಯಾ ಅನ್ನುವ ಎಲೆಯಿಂದ ತೆಗೆದ ಸಿಹಿ ಹಾಕುವುದಿಲ್ಲ, ಯಾವ ಕೃತಕ ಸಿಹಿಯೂ ಇಲ್ಲ. ಹಾಕುವುದು ಮಾಮೂಲಿ ಸಕ್ಕರೆಯೇ, ಬರೀ 8 ಗ್ರಾಂ. ಬೇಸಿಗೆಯಲ್ಲಿ ದಿನಕ್ಕೆ 90 ಲೋಟದವರೆಗೂ ಹೋಗುತ್ತದೆ. ಇದು ನಡೆಯುವುದಿಲ್ಲ ಎಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆಗೆ ಹತ್ತಿರದ ಸಣ್ಣ ಕಾಫಿ ಅಂಗಡಿ. ಬೆಳಗ್ಗೆ ಸಂಜೆ ಬರುವವರಲ್ಲಿ ಮುಕ್ಕಾಲು ಪಾಲು ಕೆರೆ ಸುತ್ತಿ ಬಂದವರು. ಒಂದು ಸುತ್ತು ನಾಲ್ಕು ಕಿಲೋಮೀಟರಿನ ಮೇಲಾಗುತ್ತದೆ. ಅಷ್ಟು ನಡೆದರೆ ಕರಗುವುದು ಇನ್ನೂರು, ಇನ್ನೂರೈವತ್ತು ಕ್ಯಾಲೊರಿ. ಬೆವರು ಒರೆಸಿಕೊಂಡು ಬಂದು ನಮ್ಮಲ್ಲಿ ಕುಡಿಯುತ್ತಿದ್ದದ್ದು ನಾನೂರಿಪ್ಪತ್ತು! ನಮ್ಮನ್ನು ನಂಬಿ ಬರುವವರಿಗೆ ಇದನ್ನು ಕೊಡುವುದು ನನಗೆ ಸರಿ ಕಾಣಲಿಲ್ಲ.

ಹಳೆಯ ಲೋಟದ ಲೆಕ್ಕ ನೋಡಿ. ನಂದಿನಿಯ ಶುಭಂ ಹಾಲು 200 ಎಂಎಲ್. ಕೊಬ್ಬು ನಾಲ್ಕೂವರೆ ಪರ್ಸೆಂಟ್ ಇರುವುದರಿಂದ ಅಲ್ಲೇ 145 ಕ್ಯಾಲೊರಿ. ಸಕ್ಕರೆ 25 ಗ್ರಾಂ, ಅಂದರೆ 100. ಒಂದು ಸ್ಕೂಪ್ ವೆನಿಲ್ಲಾ ಐಸ್‌ಕ್ರೀಮು, 120. ಲೋಟದ ಒಳಗೋಡೆಗೆ ಬಳಿಯುವ ಚಾಕೊಲೇಟ್ ಸಿರಪ್ಪು, 55. ಕಾಫಿಗೆ ಎಷ್ಟು ಗೊತ್ತಾ? ಎರಡೋ ಮೂರೋ. ಹಾಲು ಸಕ್ಕರೆ ಇಲ್ಲದ ಕಾಫಿಯಲ್ಲಿ ಕ್ಯಾಲೊರಿ ಇಲ್ಲವೇ ಇಲ್ಲ ಅನ್ನಬಹುದು. ಐಸ್‌ಕ್ರೀಮು, ಸಿರಪ್ಪಿನೊಳಗಿನ ಸಕ್ಕರೆಯನ್ನೂ ಸೇರಿಸಿದರೆ ಒಟ್ಟು ಸಕ್ಕರೆ 50 ಗ್ರಾಂ ಹತ್ತಿರ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಒಟ್ಟು ಕ್ಯಾಲೊರಿಯ 10 ಪರ್ಸೆಂಟಿಗಿಂತ ಕಡಿಮೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು ಸರಿಸುಮಾರು ಅದೇ 50 ಗ್ರಾಂ. ಸಾಧ್ಯವಾದರೆ ಅದರ ಅರ್ಧಕ್ಕೆ ಇಳಿಸಿ ಅಂತಲೂ ಅವರು ಹೇಳುತ್ತಾರೆ. ಒಂದು ಲೋಟದಲ್ಲೇ ಇಡೀ ದಿನದ ಪಾಲು ಮುಗಿದು ಹೋಗುತ್ತಿತ್ತು.

ಅಂಗಡಿಯ ಲೆಕ್ಕ ನೋಡಿಕೊಳ್ಳುವುದು ನನ್ನ ಮೈದುನ. "ಅತ್ತಿಗೆ, ಜನ ಬರೋದು ಸಿಹಿ ಕುಡಿಯೋಕೆ, ಕಾಫಿ ಕುಡಿಯೋಕಲ್ಲ. ಇದಕ್ಕೆ ಕೈ ಹಾಕಬೇಡಿ" ಎಂದ. ಜ್ಯೂಸ್ ಅಂಗಡಿ ನಡೆಸುವ ಪರಿಚಯದವರೂ ಅದನ್ನೇ ಹೇಳಿದರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು ಅನ್ನಿ. ಸುಮ್ನೆ ಸಕ್ಕರೆ ಅರ್ಧ ಮಾಡಿ ನೋಡಿದೆ. ಲೋಟಗಳು ಅರ್ಧ ತುಂಬಿಕೊಂಡೇ ವಾಪಸ್ ಬಂದವು. ದಿನಕ್ಕೆ 40 ಹೋಗುತ್ತಿದ್ದದ್ದು 25ಕ್ಕೆ ಇಳಿಯಿತು.

ಆಮೇಲೆ ಬೆಲ್ಲ. ಇದರ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಬೆಲ್ಲ ಅಂತ ಬೋರ್ಡು ಹಾಕಿದ ಕೂಡಲೇ ಜನ ಆರೋಗ್ಯ ಅಂದುಕೊಳ್ಳುತ್ತಾರೆ. ಸಕ್ಕರೆ 100 ಗ್ರಾಂಗೆ 400 ಕ್ಯಾಲೊರಿ ಆದರೆ ಬೆಲ್ಲ 380ರ ಹತ್ತಿರ. ಉಳಿದದ್ದೇನು? ಜೊತೆಗೆ ಬಿಸಿ ಹಾಲಿಗೆ ಹಾಕಿದರೆ ಒಡೆಯುತ್ತದೆ, ತಣ್ಣಗೆ ಹಾಕಿದರೆ ಕಾಫಿಯ ರುಚಿಯನ್ನೇ ಮುಚ್ಚುತ್ತದೆ. ಬೆಲ್ಲದ ಕಾಫಿ ಬಿಸಿಬಿಸಿಯಾಗಿ, ಹಾಲಿಲ್ಲದೆ ಕುಡಿದರೇ ಚೆನ್ನ. ಕ್ಯಾಲೊರಿ ಇಳಿಸುವುದಕ್ಕಂತೂ ಅದು ದಾರಿ ಅಲ್ಲ. ಜೇನುತುಪ್ಪ, ಖರ್ಜೂರದ ಕಥೆಯೂ ಹೆಚ್ಚುಕಮ್ಮಿ ಇದೇ.

ಸ್ಟೀವಿಯಾ ತರಿಸಿದೆ. ಮೊದಲ ಗುಟುಕು ಚೆನ್ನಾಗಿಯೇ ಇರುತ್ತದೆ, ಆಮೇಲೆ ನಾಲಗೆಯ ಹಿಂದೆ ಕಹಿ ಹಿಡಿದುಕೊಳ್ಳುತ್ತದೆ. ಕಾಫಿಯ ಕಹಿ ಜೊತೆ ಸೇರಿದರೆ ಇನ್ನೂ ಕಷ್ಟ. ಸಕ್ಕರೆಗೆ ಬದಲಾಗಿ ಬಳಸುವ ಎರಿಥ್ರಿಟಾಲ್ ಪುಡಿಯ ಬಗ್ಗೆ ಆಸೆ ಜಾಸ್ತಿ ಇತ್ತು. ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ, ಕಹಿಯೂ ಇಲ್ಲ. ಸಿರಪ್ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಬಾಟಲಿಯ ತಳದಲ್ಲಿ ಹರಳುಗಟ್ಟಿ ಕೂತಿತ್ತು. ತಣ್ಣಗಾದರೆ ಅದು ನೀರಿನಲ್ಲಿ ನಿಲ್ಲುವುದಿಲ್ಲ. ಬಿಸಿ ಮಾಡಿ ಕರಗಿಸಿದರೆ ಮತ್ತೆ ಅದೇ ಪಾಡು. ಬಾಯಲ್ಲೂ ಪುದೀನ ತಿಂದ ಹಾಗೆ ತಣ್ಣಗಾಗುತ್ತದೆ. ಕಿಲೋಗೆ ಆರೇಳು ನೂರು ಕೊಟ್ಟು ತರಿಸಿದ್ದು ಪೂರ್ತಿ ದಂಡ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸೋಕೆ ಸ್ಟೀವಿಯಾ, ಸುಕ್ರಲೋಸ್‌ನಂಥ ಸಿಹಿಗಳನ್ನು ನೆಚ್ಚಬೇಡಿ ಅಂತ ಹೇಳಿತು. ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆ, ಆ ಸಲಹೆ ಅವರಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ನಾನು ಆ ದಾರಿ ಬಿಟ್ಟೆ. ಪುಡಿ, ಡಬ್ಬ, ಚೆಲ್ಲಿದ ಹಾಲು ಎಲ್ಲ ಸೇರಿ ಆ ಹೊತ್ತಿಗೆ ಹದಿನಾಲ್ಕು ಹದಿನೈದು ಸಾವಿರ ಹೋಗಿತ್ತು.

ದಾರಿ ಸಿಕ್ಕಿದ್ದು ಪ್ರಶ್ನೆಯನ್ನು ತಿರುಗಿಸಿ ಹಾಕಿದ ಮೇಲೆ. ಸಕ್ಕರೆಗೆ ಬದಲು ಏನು ಅಂತ ಕೇಳುವುದು ಬಿಟ್ಟು, ಇಷ್ಟು ಸಕ್ಕರೆ ಬೇಕಾಗಿದ್ದಾದರೂ ಯಾಕೆ ಅಂತ ನೋಡಿದೆ. ಬಿಸಿ ಕಾಫಿಗೆ ಒಂದೂವರೆ ಚಮಚ ಸಾಕು ಅನ್ನುವವರೇ ಕೋಲ್ಡ್ ಕಾಫಿಗೆ ಐದು ಚಮಚ ಕುಡಿಯುತ್ತಾರಲ್ಲ, ಯಾಕೆ? ಹುಡುಕಿದರೆ ಮೂರು ಕಾರಣ ಸಿಕ್ಕವು. ತಣ್ಣಗಿದ್ದಷ್ಟೂ ನಾಲಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ಪೂರ್ತಿ ಕರಗಿದ ಐಸ್‌ಕ್ರೀಮು ನೆಕ್ಕಿ ನೋಡಿ, ಬಾಯಿ ಕಟ್ಟಿಹೋಗುವಷ್ಟು ಸಿಹಿ ಇರುತ್ತದೆ. ಎರಡನೆಯದು ಐಸ್ ಕರಗಿ ನೀರಾಗುವುದು. ಕೊನೆಯ ಗುಟುಕಿಗೂ ಸಿಹಿ ಉಳಿಯಲಿ ಅಂತ ಮೊದಲ ಗುಟುಕಿಗೇ ವಿಪರೀತ ಸಕ್ಕರೆ ಸುರಿಯುತ್ತಿದ್ದೆವು. ಮೂರನೆಯದು ಡಿಕಾಕ್ಷನ್. ಬಿಸಿ ಕಾಫಿಗೆ ಅಂತ ಇಳಿಸಿದ, ಚಿಕೋರಿ ಜಾಸ್ತಿ ಇರುವ ಗಟ್ಟಿ ಡಿಕಾಕ್ಷನ್ ತಣ್ಣಗಾದ ಮೇಲೆ ಕಹಿ, ಒಗರು. ಆ ಕಹಿ ಮುಚ್ಚುವುದಕ್ಕೇ ಅರ್ಧ ಸಕ್ಕರೆ ಹೋಗುತ್ತಿತ್ತು.

ಮೊದಲು ಕಾಫಿಯನ್ನು ಸರಿ ಮಾಡಿದೆ. ಚಿಕೋರಿ ಪೂರ್ತಿ ಬಿಟ್ಟೆ. ಚಿಕ್ಕಮಗಳೂರು ಕಡೆಯ ಅರೇಬಿಕಾ, ಜೊತೆಗೆ ಸ್ವಲ್ಪ ರೋಬಸ್ಟಾ. ಎಷ್ಟಕ್ಕೆ ಎಷ್ಟು ಅನ್ನುವುದು ನಮ್ಮ ಅಂಗಡಿಯಲ್ಲೇ ಇರಲಿ. ಹುರಿದದ್ದು ಮಧ್ಯಮ ಹದ, ಕಪ್ಪಗೆ ಹೊಳೆಯಬಾರದು. ಗಿರಣಿಯಲ್ಲಿ ತರಿತರಿಯಾಗಿ ಬೀಸಲು ಹೇಳಿ. ಫಿಲ್ಟರ್ ಪುಡಿಯಲ್ಲಿ ಮಾಡಿದರೆ ಸೋಸುವಷ್ಟರಲ್ಲಿ ಸಾಕಾಗಿಹೋಗುತ್ತದೆ, ತಳದಲ್ಲಿ ಕೆಸರು ಬೇರೆ. ಅರ್ಧ ಕಿಲೋ ಪುಡಿಗೆ ನಾಲ್ಕು ಲೀಟರ್ ತಣ್ಣೀರು, ಸ್ಟೀಲ್ ಡಬ್ಬದಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿ ಹದಿನಾರು ಗಂಟೆ. ಬೇಸಿಗೆಯಲ್ಲಿ ಹೊರಗಿಟ್ಟು ನೋಡಿದ್ದೆ, ಹುಳಿ ವಾಸನೆ ಬಂತು, ಚೆಲ್ಲಿದೆ. ಫ್ರಿಜ್ಜೇ ಸರಿ. ಬಟ್ಟೆಯಲ್ಲಿ ಸೋಸಿದರೆ ಮೂರು ಲೀಟರ್ ಸಿಗುತ್ತದೆ, ಮಿಕ್ಕಿದ್ದನ್ನು ಪುಡಿ ಕುಡಿದಿರುತ್ತದೆ. ಲೋಟಕ್ಕೆ 60 ಎಂಎಲ್ ಅಂದರೆ ಐವತ್ತು ಲೋಟಕ್ಕಾಯಿತು. ಈ ಕಾಫಿಯಲ್ಲಿ ಕಹಿ ಎಷ್ಟು ಕಡಿಮೆ ಅಂದರೆ ಮೈದುನ ಸಕ್ಕರೆ ಇಲ್ಲದೆ ಒಂದು ಲೋಟ ಖಾಲಿ ಮಾಡಿದ. ಲೀಟರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಉಳಿದ ಕಹಿಯೂ ಅಡಗುತ್ತದೆ. ಉಪ್ಪು ನಾಲಗೆಗೆ ಗೊತ್ತಾದರೆ ಜಾಸ್ತಿಯಾಯಿತು ಅಂತ ಅರ್ಥ.

ಇನ್ನು ಐಸು. ಇದು ನಾನೇ ಕಂಡುಕೊಂಡದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಸೋಸಿದ ಚರಟ ಎಸೆಯಬೇಡಿ. ಅದಕ್ಕೇ ಕುದಿಯುವ ನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿ. ಮನೆಯಲ್ಲಿ ಎರಡನೇ ಡಿಕಾಕ್ಷನ್ ಅಂದರೆ ಮೂಗು ಮುರಿಯುತ್ತಾರೆ, ಆದರೆ ಟ್ರೇಗೆ ಹುಯ್ದು ಐಸ್ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಪುಡಿಯ ಖರ್ಚು ಸೊನ್ನೆ. ಐಸ್ ಕರಗಿದರೂ ಕಾಫಿ ನೀರಾಗುವುದಿಲ್ಲ, ಕೊನೆಯ ಗುಟುಕು ಮೊದಲಿನಷ್ಟೇ ಚೆನ್ನಾಗಿರುತ್ತದೆ. ಲೋಟಕ್ಕೆ ನಾಲ್ಕೇ ತುಂಡು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವುದು ಬೇಡ. ಸ್ವಲ್ಪ ತಂಪು ಕಮ್ಮಿಯಾದರೆ ಅದೇ ಸಕ್ಕರೆ ಜಾಸ್ತಿ ಸಿಹಿ ಅನ್ನಿಸುತ್ತದೆ.

ಹಾಲಿನಲ್ಲಿ ಮತ್ತೊಂದು ಸಲ ಕೈ ಸುಟ್ಟಿತು. ಕೊಬ್ಬು ತೆಗೆದ ಹಾಲು ಹಾಕಿದರೆ ಕ್ಯಾಲೊರಿ ಇಳಿಯಿತು, ಜೊತೆಗೆ ಕಾಫಿ ನೀರುನೀರಾಯಿತು. ಸಕ್ಕರೆ ಕಮ್ಮಿಯಾದಾಗ ಸಿಹಿ ಮಾತ್ರ ಹೋಗುವುದಿಲ್ಲ, ಕಾಫಿಯ ಮಂದವೂ ಹೋಗುತ್ತದೆ. ಈಗ ನಂದಿನಿ ನೀಲಿ ಪ್ಯಾಕೆಟ್ಟು, 3 ಪರ್ಸೆಂಟ್ ಕೊಬ್ಬಿನದು, 120 ಎಂಎಲ್. ಅದಕ್ಕೆ ಕೆನೆರಹಿತ ಹಾಲಿನ ಪುಡಿ 7 ಗ್ರಾಂ. ಪುಡಿಯಿಂದ 25 ಕ್ಯಾಲೊರಿ ಸೇರುತ್ತದೆ, ಆದರೆ ಐಸ್‌ಕ್ರೀಮಿನ 120 ತಪ್ಪುತ್ತದೆ. ಮಂದ ಬರುತ್ತದೆ, ಹಾಲಿನದೇ ಒಂದು ಸಣ್ಣ ಸಿಹಿ ಬರುತ್ತದೆ, ನೊರೆಯೂ ಜೋರಾಗಿ ಏಳುತ್ತದೆ. ಪುಡಿಯನ್ನು ಹಿಂದಿನ ರಾತ್ರಿಯೇ ಹಾಲಿಗೆ ಕಲಸಿಟ್ಟುಬಿಡಿ, ಆಗಲೇ ಹಾಕಿ ತಿರುಗಿಸಿದರೆ ಗಂಟು ಉಳಿಯುತ್ತದೆ. ಇದರ ಜೊತೆ ಪರಿಮಳಕ್ಕೆ ಅಡುಗೆಮನೆಯ ಮಸಾಲೆ ಡಬ್ಬದಿಂದ ಒಂದು ವಸ್ತು ಹಾಕುತ್ತೇನೆ. ಅದಿದ್ದರೆ ಬಾಯಿಗೆ ಸಿಹಿ ಜಾಸ್ತಿ ಇದ್ದಂತೆ ಕಾಣುತ್ತದೆ. ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟಾದ ಮೇಲೆ 14 ಗ್ರಾಂ ಸಕ್ಕರೆಗೇ ಜನ ಒಪ್ಪಿದರು. ಅಲ್ಲಿಂದ 8ಕ್ಕೆ ಇಳಿಸಿದ್ದು ನಿಧಾನವಾಗಿ. ಹದಿನೈದು ದಿನಕ್ಕೊಂದು ಸಲ ಒಂದೊಂದು ಗ್ರಾಂ, ಮೂರು ತಿಂಗಳು ಹಿಡಿಯಿತು. ಯಾರೂ ಒಂದು ಮಾತು ಕೇಳಲಿಲ್ಲ. ಇದಕ್ಕೆ ಅಳತೆ ಗಟ್ಟಿ ಇರಬೇಕು. ಮೊದಲು ಹುಡುಗರು ಸಕ್ಕರೆ ಪಾಕವನ್ನು ಸೌಟಿನಲ್ಲಿ ಹುಯ್ಯುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಅಂದಾಜು. ಈಗ ಪಂಪಿನ ಬಾಟಲಿ ಇದೆ, ಒಂದು ಸಲ ಒತ್ತಿದರೆ ಎಷ್ಟು ಬೀಳುತ್ತದೆ ಅಂತ ತಕ್ಕಡಿಯಲ್ಲಿ ತೂಗಿ ನೋಡಿದ್ದೇವೆ. ತಕ್ಕಡಿಗೆ ಕೊಟ್ಟದ್ದು ನಾನೂರು ಚಿಲ್ಲರೆ, ಅಷ್ಟು ಬೇಗ ಬಂಡವಾಳ ವಾಪಸ್ ಕೊಟ್ಟ ಸಾಮಾನು ಅಂಗಡಿಯಲ್ಲಿ ಬೇರೆ ಇಲ್ಲ. ಸಿಹಿ ಸಾಲದು ಅನ್ನುವವರಿಗೆ ಪಾಕದ ಸಣ್ಣ ಬಾಟಲಿ ಮೇಜಿನ ಮೇಲಿದೆ. ಹತ್ತು ಜನರಲ್ಲಿ ಒಬ್ಬರೋ ಇಬ್ಬರೋ ಮುಟ್ಟುತ್ತಾರೆ, ಅವರೂ ಹಾಕಿಕೊಳ್ಳುವುದು ಸ್ವಲ್ಪವೇ.

ಲೋಟವನ್ನೂ ಚಿಕ್ಕದು ಮಾಡಿದೆ, 240 ಎಂಎಲ್. ದೊಡ್ಡ ಲೋಟ ಎಲ್ಲಿ ಅಂತ ಕೇಳಿದವರು ಇದ್ದಾರೆ. ಅದಕ್ಕೇ ಕೋಲ್ಡ್ ಕಾಫಿಯಲ್ಲೂ ಬೈ ಟೂ ಶುರು ಮಾಡಿದೆ. ಬಿಸಿ ಕಾಫಿ ಬೈ ಟೂ ಕುಡಿಯುವ ನಮ್ಮ ಜನಕ್ಕೆ ಇದನ್ನು ಕಲಿಸಬೇಕಾಗಲಿಲ್ಲ. ಕೆರೆ ಸುತ್ತಿ ಜೋಡಿಯಾಗಿ ಬರುವ ಹಿರಿಯರು ಈಗ ಅದನ್ನೇ ಕೇಳುತ್ತಾರೆ. ತಲೆಗೆ 65 ಕ್ಯಾಲೊರಿ.

ದುಡ್ಡಿನ ವಿಷಯ. ಹಳೆಯ ಲೋಟಕ್ಕೆ ಸಾಮಾನಿನ ಖರ್ಚೇ 34 ರೂಪಾಯಿ ಬೀಳುತ್ತಿತ್ತು, ಅದರಲ್ಲಿ ಐಸ್‌ಕ್ರೀಮು, ಸಿರಪ್ಪಿನದೇ ಅರ್ಧಕ್ಕಿಂತ ಜಾಸ್ತಿ. 80ಕ್ಕೆ ಮಾರುತ್ತಿದ್ದೆವು. ಈಗ ಖರ್ಚು 17ರ ಹತ್ತಿರ: ಹಾಲಿಗೆ ಐದೂವರೆ, ಕಾಫಿಗೆ ಏಳೆಂಟು, ಹಾಲಿನ ಪುಡಿಗೆ ಮೂರು, ಮಿಕ್ಕಿದ್ದು ಚಿಲ್ಲರೆ. ಬೆಲೆ 60. ಲೋಟಕ್ಕೆ ಮಿಗುವುದು ಹೆಚ್ಚುಕಮ್ಮಿ ಅಷ್ಟೇ, ಆದರೆ ಹೋಗುವ ಲೋಟ ಎರಡು ಪಟ್ಟಾಯಿತು. ಕಾಫಿ ಪುಡಿಯ ಬೆಲೆ ಏರಿದಾಗ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಫ್ರೀಜರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಒಂಬತ್ತು ಸಾವಿರ ಚಿಲ್ಲರೆ ಆಯಿತು. ಅದಿಲ್ಲದೆ ಕಾಫಿ ಐಸ್ ಸಾಕಾಗುವುದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಎಳನೀರಿಗೆ ಇದೇ ಕಾಫಿ ಹಾಕಿ ಕೊಟ್ಟೆ. ಸಕ್ಕರೆಯೇ ಬೇಡ, ಹಾಲೂ ಬೇಡ, ಒಂದು ಲೋಟಕ್ಕೆ 40 ಕ್ಯಾಲೊರಿಯೂ ಆಗುವುದಿಲ್ಲ. ರುಚಿ ಅದ್ಭುತ. ಎಳನೀರಿನ ಬೆಲೆ ಅರವತ್ತು ಮುಟ್ಟಿದ ಮೇಲೆ ನಿಲ್ಲಿಸಿದೆ. ಏಲಕ್ಕಿ ಬಾಳೆಹಣ್ಣು ಐಸ್ ಮಾಡಿ ರುಬ್ಬಿ ಹಾಕಿದ್ದು ಸರಿಹೋಗಲಿಲ್ಲ, ಹಣ್ಣಿನ ವಾಸನೆ ಕಾಫಿಯನ್ನು ನುಂಗಿತು.

ಲ್ಯಾಕ್ಟೇಸ್ ಹನಿ ಮಾತ್ರ ನಿಜವಾದ ಬೆರಗು. ಹಾಲು ಅರಗದವರಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹಾಲಿಗೆ ನಾಲ್ಕು ಹನಿ ಹಾಕಿ ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟರೆ ಹಾಲಿನೊಳಗಿನ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಒಡೆದು ಗ್ಲೂಕೋಸು, ಗ್ಯಾಲಕ್ಟೋಸು ಆಗುತ್ತದೆ. ಕ್ಯಾಲೊರಿ ಒಂದಿಷ್ಟೂ ಜಾಸ್ತಿಯಾಗದೆ ಹಾಲು ತಾನೇ ಸಿಹಿಯಾಗುತ್ತದೆ. ಇದರಲ್ಲಿ ಸಕ್ಕರೆ 5 ಗ್ರಾಂಗೆ ಇಳಿಸಿದರೂ ಗೊತ್ತಾಗಲಿಲ್ಲ. ಆದರೆ ಲೋಟಕ್ಕೆ ಎರಡು ಮೂರು ರೂಪಾಯಿ ಜಾಸ್ತಿ ಬೀಳುತ್ತದೆ, ಹಾಲನ್ನು ಒಂದು ದಿನ ಮೊದಲೇ ತೆಗೆದಿಡಬೇಕು. ಸದ್ಯ ಮನೆಯ ಮಟ್ಟಿಗೆ ಮಾಡಿಕೊಳ್ಳುತ್ತಿದ್ದೇವೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಸಕ್ಕರೆ ಇಲ್ಲದ ಹಾಲು ಅಂತ ತಿಳಿಯಬಾರದು, ಒಳಗಿರುವುದೆಲ್ಲ ಹಾಗೇ ಇರುತ್ತದೆ.

ಈಗ ಬಾದಾಮಿ ಹಾಲಿಗೆ ಕೈ ಹಾಕಿದ್ದೇನೆ. ಅಲ್ಲಿ ಮುಚ್ಚಬೇಕಾದ ಕಹಿಯೂ ಇಲ್ಲ, ಆದರೂ ಎಲ್ಲ ಕಡೆ ಪಾಕದ ಹಾಗೆ ಸಿಹಿ. ನೀರಿನ ಐಸ್ ಬದಲು ಹಾಲನ್ನೇ ಐಸ್ ಮಾಡಿ ನೋಡುತ್ತಿದ್ದೇನೆ. ಸಕ್ಕರೆ 18 ಗ್ರಾಂನಿಂದ 11ಕ್ಕೆ ಬಂದಿದೆ, ಬಣ್ಣ ಮಾತ್ರ ಪೇಲವ ಕಾಣುತ್ತದೆ. ಮೈದುನ ಈ ಸಲ ಬೇಡ ಅನ್ನಲಿಲ್ಲ. ಕೇಸರಿಯ ಖರ್ಚು ಎಷ್ಟಾಗುತ್ತದೆ ಅಂತ ಅಷ್ಟೇ ಕೇಳಿದ.