ಮುಖ ಒಂದೇ, ಬೆನ್ನು ನಾಲ್ಕು: ಹಳೆಯ ಬೇಸ್‌ಬಾಲ್ ಕಾರ್ಡಿಗೆ ಬೆಲೆ ಕಟ್ಟುವುದು ಹೇಗೆ?

ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಅಚ್ಚು ಮಾಡುವ ಅಮೆರಿಕದ ಟಾಪ್ಸ್ ಕಂಪನಿಯ 1968ರ ಸೆಟ್‌ನಲ್ಲಿ 177ನೆಯ ಕಾರ್ಡು. ಸುತ್ತಲೂ ಗೋಣಿತಟ್ಟಿನ ನೇಯ್ಗೆಯನ್ನು ಹೋಲುವ ಕಂದು ಅಂಚು. ನಡುವೆ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಆಗಷ್ಟೇ ಕಾಲಿಟ್ಟ ಇಬ್ಬರು ಹುಡುಗರ ಮುಖ: ಒಬ್ಬರು ಜೆರ್ರಿ ಕೂಸ್‌ಮನ್, ಇನ್ನೊಬ್ಬರು ನೋಲನ್ ರಯಾನ್. ಚೆಂಡೆಸೆಯುವ ಆಟಗಾರರಾದ ರಯಾನ್ ಒಟ್ಟು 27 ಸೀಸನ್ ಆಡಿ 5,714 ಸ್ಟ್ರೈಕ್‌ಔಟ್ ಗಳಿಸಿದರು, ಅಂದರೆ ಅಷ್ಟು ಸಲ ಬ್ಯಾಟರ್‌ಗಳನ್ನು ತಮ್ಮ ಎಸೆತದಿಂದಲೇ ಔಟ್ ಮಾಡಿದರು. ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಅವರ ಮೊದಲ ಕಾರ್ಡು ಇದು ಎಂಬ ಕಾರಣಕ್ಕೆ ಅಮೆರಿಕದ ಸಂಗ್ರಾಹಕರು ಇದರ ಹಿಂದೆ ಬೀಳುತ್ತಾರೆ.

ಈ ಚಿತ್ರ ಒಂದೇ ವರ್ಷದಲ್ಲಿ ನಾಲ್ಕು ರೂಪಗಳಲ್ಲಿ ಹೊರಬಂದಿದೆ. ಅಮೆರಿಕದ ಅಂಗಡಿಗಳಲ್ಲಿ ಬಬಲ್‌ಗಮ್ ಜೊತೆ ಮಾರಾಟವಾದ ಮಾಮೂಲಿ ಕಾರ್ಡು ಒಂದು. ಮಿಲ್ಟನ್ ಬ್ರಾಡ್ಲಿ ಕಂಪನಿಯ 'ವಿನ್-ಎ-ಕಾರ್ಡ್' ಆಟದ ಡಬ್ಬಿಯೊಳಗೆ ಸೇರಿಸಿ ಕೊಟ್ಟದ್ದು ಇನ್ನೊಂದು. ಕೆನಡಾದ ಓ-ಪೀ-ಚೀ ಕಂಪನಿ ಹೊರತಂದದ್ದು ಮೂರನೆಯದು, ವೆನೆಜುವೆಲಾದಲ್ಲಿ ಅಚ್ಚಾದದ್ದು ನಾಲ್ಕನೆಯದು. ಹೀಗೆ ಚಿತ್ರ ಒಂದೇ ಇದ್ದು ಅಚ್ಚು, ಕಾಗದ ಅಥವಾ ಅಳತೆ ಮಾತ್ರ ಬೇರೆಯಾದ ಕಾರ್ಡನ್ನು ಇಂದಿನ ಸಂಗ್ರಾಹಕರು ಪ್ಯಾರಲಲ್ ಎನ್ನುತ್ತಾರೆ. ನಾಣ್ಯ ಸಂಗ್ರಹಿಸುವ ನಮ್ಮವರಿಗೆ ಇದು ಹೊಸ ವಿಷಯವೇನಲ್ಲ. ಒಂದೇ ವರ್ಷದ ಒಂದೇ ರೂಪಾಯಿಯ ಮೇಲೆ ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಕಾರ್ಡುಗಳನ್ನೂ ಅದೇ ಕಣ್ಣಿನಿಂದ ನೋಡಬೇಕು.

ಈಚಿನ ಹಲವು ಪ್ಯಾರಲಲ್‌ಗಳಲ್ಲಿ, ಐವತ್ತೇ ಅಚ್ಚಾಗಿದ್ದರೆ ಐವತ್ತರಲ್ಲಿ ಎಷ್ಟನೆಯದು ಎಂದು ಸಂಖ್ಯೆಯನ್ನೇ ಅಚ್ಚು ಮಾಡಿರುತ್ತಾರೆ. ಹಳೆಯ ಕಾರ್ಡುಗಳಲ್ಲಿ ಆ ಅನುಕೂಲವಿಲ್ಲ. ವಿರಳವೋ ಅಲ್ಲವೋ ಎಂಬುದನ್ನು ಕೊಳ್ಳುವವರೇ ಅಳೆದು ತೂಗಿ ತಿಳಿಯಬೇಕು.

ಮೊದಲು ಬೆನ್ನು ನೋಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕಾರ್ಡಿನ ಹಿಂಭಾಗದ ಕೊನೆಯ ಸಾಲು ಓದಿ. ವೆನೆಜುವೆಲಾದ 1968ರ ಕಾರ್ಡಿನಲ್ಲಿ ಅಲ್ಲಿ ಇರುವೆಯ ಸಾಲಿನಷ್ಟು ಸಣ್ಣ ಅಕ್ಷರಗಳಿವೆ. ಆ ದೇಶದಲ್ಲಿ ತಯಾರಾದದ್ದು ಎಂದು ಸ್ಪ್ಯಾನಿಷ್‌ನಲ್ಲಿ ಬರೆದಿದ್ದು, ಜೊತೆಗೆ 'ಲಿಟೊವೆನ್' ಎಂಬ ಮುದ್ರಕರ ಹೆಸರಿರುತ್ತದೆ. ಓ-ಪೀ-ಚೀ ಕಾರ್ಡಿನ ಬೆನ್ನ ಮೇಲೆ ಕೆನಡಾದಲ್ಲಿ ಮುದ್ರಿತ ಎಂಬುದನ್ನು ಇಂಗ್ಲಿಷ್‌ನಲ್ಲಿ ಸಂಕ್ಷೇಪಿಸಿ ಹಾಕಿದ್ದಾರೆ. 1970ರ ನಂತರದ ಓ-ಪೀ-ಚೀ ಕಾರ್ಡಾದರೆ ಕೆಲಸ ಇನ್ನೂ ಸುಲಭ, ಅದರ ಹಿಂಭಾಗ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಇರುತ್ತದೆ.

ಕಷ್ಟ ಕೊಡುವುದು ಮಿಲ್ಟನ್ ಬ್ರಾಡ್ಲಿ ಕಾರ್ಡು. ಅದರಲ್ಲಿ ಬೇರೆ ಬರಹವೇ ಇಲ್ಲ. ಮಾಮೂಲಿ ಕಾರ್ಡಿನ ಬೆನ್ನು ಗಾಢ ಹಳದಿಯಾದರೆ ಇದರದು ತಿಳಿ ಹಳದಿ. ಕೆಲವು ಕಾರ್ಡುಗಳ ಅಂಚಿನಲ್ಲಿ ನೂಲಿನೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಬಣ್ಣವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಒಂದು ಕಾರ್ಡ್ ಮೇಳದಲ್ಲಿ ಸಭಾಂಗಣದ ದೀಪದ ಕೆಳಗೆ ಬೆನ್ನು ತಿಳಿಯಾಗಿ ಕಂಡಿತೆಂದು ಮಾರುವವರು ಹೇಳಿದ ಹೆಚ್ಚಿನ ಬೆಲೆಯನ್ನು ಕೊಟ್ಟುಬಿಟ್ಟೆ. ಮನೆಗೆ ತಂದು ಕಿಟಕಿಯ ಬೆಳಕಿನಲ್ಲಿ 1968ರ ಮಾಮೂಲಿ ಕಾರ್ಡೊಂದರ ಪಕ್ಕ ಇಟ್ಟೆ. ಎರಡರ ಬಣ್ಣವೂ ಒಂದೇ. ಅಂದಿನಿಂದ ಅದೇ ವರ್ಷದ, ಒಂದೆರಡು ಡಾಲರಿಗೆ ಸಿಗುವ ಯಾವುದಾದರೂ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳದೆ ಮೇಳಕ್ಕೆ ಹೋಗುವುದಿಲ್ಲ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಆಮೇಲೆ ಅಳೆಯಿರಿ

ಮಾಮೂಲಿ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. 1975ರಲ್ಲಿ ಟಾಪ್ಸ್ ಅದೇ ವರ್ಷದ 660 ಕಾರ್ಡುಗಳ ಇಡೀ ಸೆಟ್ಟನ್ನು ಎರಡೂಕಾಲು ಇಂಚು ಅಗಲ, ಮೂರು ಇಂಚು ಮತ್ತು ಎಂಟನೇ ಒಂದರಷ್ಟು ಎತ್ತರಕ್ಕೆ ಇಳಿಸಿ, ಮಿಷಿಗನ್ ಮತ್ತು ಪಶ್ಚಿಮ ಕರಾವಳಿಯ ಕೆಲವು ಕಡೆ ಪರೀಕ್ಷೆಗೆಂದು ಮಾರಿ ನೋಡಿತು. ಲೆಕ್ಕ ಹಾಕಿದರೆ ಐದರಲ್ಲಿ ಒಂದು ಪಾಲು ಕಾಗದದ ಉಳಿತಾಯ. ಇವೇ 'ಮಿನಿ' ಕಾರ್ಡುಗಳು. ಜಾರ್ಜ್ ಬ್ರೆಟ್ ಮತ್ತು ರಾಬಿನ್ ಯೌಂಟ್ ಅವರ ಮೊದಲ ಕಾರ್ಡುಗಳು ಈ ಸೆಟ್‌ನಲ್ಲಿರುವುದರಿಂದ ಕೇಳುವವರು ಬಹಳ.

ದೊಡ್ಡ ಕಾರ್ಡನ್ನು ಕತ್ತರಿಸಿ ಮಿನಿ ಎಂದು ಮಾರಲು ಆಗುವುದಿಲ್ಲ, ಏಕೆಂದರೆ ಮಿನಿಯಲ್ಲಿ ಚಿತ್ರ, ಅಕ್ಷರ ಎಲ್ಲವೂ ಅದೇ ಪ್ರಮಾಣದಲ್ಲಿ ಕುಗ್ಗಿವೆ. ಭಯವಿರುವುದು ಬೇರೆ ಕಡೆ. 1975ರ ಕಾರ್ಡುಗಳಿಗೆ ಎರಡು ಬಣ್ಣದ ಅಂಚು. ಮೂಲೆ ಒಂದಿಷ್ಟು ಸವೆದರೂ ಬಣ್ಣ ಹೋಗಿ ಒಳಗಿನ ಬಿಳಿ ಕಾಗದ ಎದ್ದು ಕಾಣುತ್ತದೆ. ಆ ಬಿಳಿಯನ್ನು ಮರೆಮಾಚಲು ಕೆಲವರು ಅಂಚನ್ನು ಕೂದಲೆಳೆಯಷ್ಟು ಕತ್ತರಿಸುತ್ತಾರೆ, ಇನ್ನು ಕೆಲವರು ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚುತ್ತಾರೆ. ಆದ್ದರಿಂದ ನಾಲ್ಕೂ ಬದಿಗಳನ್ನು ಅಳೆಯಿರಿ, ಕಾರ್ಡನ್ನು ಅಡ್ಡ ಹಿಡಿದು ಅಂಚಿನ ದಪ್ಪದಲ್ಲೂ ಬಣ್ಣವಿದೆಯೇ ನೋಡಿ. ಓ-ಪೀ-ಚೀ ಕಾರ್ಡಿನ ಅಂಚು ಗರಗಸದಲ್ಲಿ ಕೊಯ್ದಂತೆ ಒರಟಾಗಿದ್ದರೆ ಮಾತ್ರ ಗಾಬರಿಯಾಗಬೇಡಿ. ಅದು ಕಾರ್ಖಾನೆಯಿಂದ ಬಂದದ್ದೇ ಹಾಗೆ. ಅದು ತೀರಾ ನಯವಾಗಿದ್ದರೆ ಒಮ್ಮೆ ಅನುಮಾನಿಸಬೇಕು.

ವಿರಳತೆಗೆ ಮೂರು ಲೆಕ್ಕ

ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು, ಎಷ್ಟು ಜನ ಕೇಳುತ್ತಾರೆ: ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಮಾರುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

1980ರ ದಶಕದಲ್ಲಿ ಟಾಪ್ಸ್ ಹೊಳಪಿನ ಲೇಪ ಕೊಟ್ಟು, ಬಿಳಿ ಕಾಗದದ ಮೇಲೆ ಅಚ್ಚು ಮಾಡಿ ವ್ಯಾಪಾರಿಗಳ ಮೂಲಕ ಮಾರಿದ ಸೆಟ್‌ಗಳಿಗೆ ಸಂಗ್ರಾಹಕರು ಟಿಫನಿ ಎಂದು ಹೆಸರಿಟ್ಟಿದ್ದಾರೆ. ತಂಡ ಬದಲಿಸಿದವರು ಮತ್ತು ಹೊಸಬರ ಕಾರ್ಡುಗಳ ಪೂರಕ ಸೆಟ್ಟಿಗೆ ಟ್ರೇಡೆಡ್ ಎಂದು ಹೆಸರು. ಬ್ಯಾರಿ ಬಾಂಡ್ಸ್ ಕಾರ್ಡಿರುವ 1986ರ ಟ್ರೇಡೆಡ್ ಟಿಫನಿ ಅಚ್ಚಾದದ್ದು ಸುಮಾರು 5,000 ಸೆಟ್. ಆದರೆ ಅದನ್ನು ಕೊಂಡವರು ಮಕ್ಕಳಲ್ಲ. ಮುಂದೆ ಬೆಲೆ ಬರುತ್ತದೆಂದು ಡಬ್ಬಿಯ ಸಮೇತ ಕಪಾಟಿನಲ್ಲಿಟ್ಟ ದೊಡ್ಡವರು. ಹಾಗಾಗಿ ಅಚ್ಚಾದದ್ದರಲ್ಲಿ ಹೆಚ್ಚಿನ ಪಾಲು ಚೆನ್ನಾಗಿಯೇ ಉಳಿದಿದೆ.

ವೆನೆಜುವೆಲಾದ ಕಾರ್ಡುಗಳದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಮಕ್ಕಳು ಅವನ್ನು ಆಲ್ಬಮ್ಮಿಗೆ ಗೋಂದು ಹಚ್ಚಿ ಅಂಟಿಸಿದರು. ಕಾಗದವೂ ತೆಳು. ದಶಕಗಳ ನಂತರ ಕಿತ್ತಾಗ ಬೆನ್ನಿನ ಅರ್ಧ ಆಲ್ಬಮ್ಮಿನಲ್ಲೇ ಉಳಿಯಿತು. ನಾನು ನೋಡಿದ ಒಂದು ಕಾರ್ಡಿನ ಹಿಂಭಾಗದಲ್ಲಿ ಆಟಗಾರನ ಅಂಕಿಅಂಶಗಳ ಬದಲು ಕಪ್ಪು ಆಲ್ಬಮ್ ಹಾಳೆಯ ಚೂರು ಅಂಟಿಕೊಂಡಿತ್ತು. ಯಾರೋ ಹುಡುಗ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ ಗುರುತು ಮುಂಭಾಗದಲ್ಲಿ ಇನ್ನೂ ಇತ್ತು. ನನಗೆ ಆ ಕಾರ್ಡಿನ ಮೇಲೆ ಪ್ರೀತಿ ಹುಟ್ಟಿದ್ದು ಅದರಿಂದಲೇ. ಕಾರ್ಡಿನ ಸ್ಥಿತಿ ನೋಡಿ ಗ್ರೇಡಿಂಗ್ ಸಂಸ್ಥೆಗಳು ಹತ್ತಕ್ಕೆ ಇಷ್ಟು ಎಂದು ಗ್ರೇಡ್ ಕೊಡುತ್ತವೆ. ಹತ್ತರಲ್ಲಿ ಮೂರೋ ನಾಲ್ಕೋ ಗ್ರೇಡ್ ಬಂದರೂ ಇಂಥ ಕಾರ್ಡನ್ನು ಒಳ್ಳೆಯದೆಂದೇ ಎಣಿಸುತ್ತಾರೆ.

ಹಾಗಾದರೆ ವೆನೆಜುವೆಲಾದ ರಯಾನ್ ಕಾರ್ಡಿಗೇ ಅತಿ ಹೆಚ್ಚು ಬೆಲೆ ಬಂದಿರಬೇಕಲ್ಲವೇ? ಇಲ್ಲ. 2016ರ ಹರಾಜಿನಲ್ಲಿ 6 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋದ ರಯಾನ್ ಕಾರ್ಡು ನಾಲ್ಕರಲ್ಲಿ ಅತ್ಯಂತ ಸಾಮಾನ್ಯವಾದ, ಗಮ್ ಜೊತೆ ಬಂದ ಮಾಮೂಲಿ ಕಾರ್ಡು. ಅದಕ್ಕೆ ಪಿಎಸ್‌ಎ ಎಂಬ ಗ್ರೇಡಿಂಗ್ ಸಂಸ್ಥೆ ಹತ್ತಕ್ಕೆ ಹತ್ತು ಗ್ರೇಡ್ ಕೊಟ್ಟಿತ್ತು. ಮಾಮೂಲಿ ಸೆಟ್ಟನ್ನು ಅತ್ಯುತ್ತಮ ಸ್ಥಿತಿಯಲ್ಲಿ ಪೂರ್ತಿ ಮಾಡಬೇಕೆಂದು ಪೈಪೋಟಿಗೆ ಬಿದ್ದವರು ಬಹಳ. ವೆನೆಜುವೆಲಾದ ಸೆಟ್ಟನ್ನು ಕಟ್ಟುವವರು ಕೆಲವರೇ. ಮೂರನೆಯ ಲೆಕ್ಕ ಮೊದಲೆರಡನ್ನು ಹೇಗೆ ಮೀರುತ್ತದೆ ಎಂಬುದಕ್ಕೆ ಈ ಕಾರ್ಡಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಗ್ರೇಡಿಂಗ್ ಸಂಸ್ಥೆಗಳ ಎಣಿಕೆಯನ್ನು ಓದುವ ಬಗೆ

ಪಿಎಸ್‌ಎ, ಎಸ್‌ಜಿಸಿ ಮುಂತಾದ ಸಂಸ್ಥೆಗಳು ತಾವು ಗ್ರೇಡ್ ಮಾಡಿದ ಕಾರ್ಡುಗಳ ಎಣಿಕೆಯನ್ನು ಪ್ರಕಟಿಸುತ್ತವೆ. ಅದಕ್ಕೆ ಪಾಪ್ ರಿಪೋರ್ಟ್ ಎಂದು ಹೆಸರು. ಅದು ಜಗತ್ತಿನಲ್ಲಿರುವ ಕಾರ್ಡುಗಳ ಎಣಿಕೆಯಲ್ಲ. ಹೆಚ್ಚಿನ ಗ್ರೇಡ್ ಸಿಗಲೆಂದು ಪ್ಲಾಸ್ಟಿಕ್ ಕವಚ ಒಡೆದು ಅದೇ ಕಾರ್ಡನ್ನು ಮತ್ತೆ ಮತ್ತೆ ಕಳಿಸುವವರಿದ್ದಾರೆ, ಆಗ ಒಂದೇ ಕಾರ್ಡು ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಡೆ, ಅಗ್ಗದ ಕಾರ್ಡಿಗೆ ಗ್ರೇಡಿಂಗ್ ಶುಲ್ಕವೇ ಹೊರೆಯಾಗುವುದರಿಂದ ಯಾರೂ ಕಳಿಸುವುದೇ ಇಲ್ಲ. ಪಟ್ಟಿಯಲ್ಲಿ ಆರೇ ಇವೆ ಎಂದ ಮಾತ್ರಕ್ಕೆ ಆರೇ ಉಳಿದಿವೆ ಎಂದಲ್ಲ.

ಬೆಲೆ ತಿಳಿಯುವುದು ಮಾರಾಟದಿಂದ

ಕೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಇಬೇ ತಾಣದಲ್ಲಿ ಮಾರಾಟವಾದವುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಅದನ್ನೇ ಬಳಸಿ. ಬೆಲೆಯ ಮೇಲೆ ಅಡ್ಡಗೆರೆ ಎಳೆದಿದ್ದರೆ ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ ಎಂದು ತಿಳಿಯಿರಿ. ಅದೇ ಪ್ಯಾರಲಲ್, ಅದೇ ಗ್ರೇಡ್, ಸಾಧ್ಯವಾದರೆ ಅದೇ ಗ್ರೇಡಿಂಗ್ ಸಂಸ್ಥೆಯ ಕಾರ್ಡು: ಈ ಮೂರೂ ಹೊಂದಿದರೆ ಮಾತ್ರ ಹೋಲಿಕೆಗೆ ಅರ್ಥ. ಎಂಟರಿಂದ ಒಂಬತ್ತಕ್ಕೆ, ಒಂಬತ್ತರಿಂದ ಹತ್ತಕ್ಕೆ ಬೆಲೆ ಮೆಟ್ಟಿಲಿನಂತೆ ಏರುವುದಿಲ್ಲ, ನೆಗೆಯುತ್ತದೆ.

ತೀರಾ ವಿರಳವಾದ ಕಾರ್ಡಿನ ಮಾರಾಟ ವರ್ಷಕ್ಕೊಮ್ಮೆಯೂ ಕಾಣದಿರಬಹುದು. ಆಗ ಅದೇ ಸೆಟ್‌ನ ಇತರ ಆಟಗಾರರ ಕಾರ್ಡುಗಳನ್ನು ನೋಡಿ, ಮಾಮೂಲಿಗಿಂತ ಪ್ಯಾರಲಲ್ಲಿಗೆ ಎಷ್ಟು ಪಟ್ಟು ಹೆಚ್ಚು ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕಿ. ಆ ಪಟ್ಟು ದೊಡ್ಡ ಹೆಸರುಗಳಿಗೆ ಕಡಿಮೆ, ಸಾಮಾನ್ಯ ಆಟಗಾರರಿಗೆ ಹೆಚ್ಚು ಇರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ರಯಾನ್ ಅವರ ಮಾಮೂಲಿ ಕಾರ್ಡೇ ದುಬಾರಿ. ಸಾಮಾನ್ಯ ಆಟಗಾರನ ಕಾರ್ಡನ್ನಾದರೋ ಸೆಟ್ ಪೂರ್ತಿ ಮಾಡುವ ಹಟವಿದ್ದವರಷ್ಟೇ ಹುಡುಕುತ್ತಾರೆ, ಸಿಕ್ಕರೆ ಬಿಡುವುದಿಲ್ಲ.

ಹರಾಜಿಗೆ ಕೂರುವುದಾದರೆ ನಿಮ್ಮ ಕೊನೆಯ ಬೆಲೆಯನ್ನು ಮುಂಚೆಯೇ ಚೀಟಿಯಲ್ಲಿ ಬರೆದಿಡಿ. ದೊಡ್ಡ ಹರಾಜು ಸಂಸ್ಥೆಗಳು ಕೂಗಿದ ಬೆಲೆಯ ಮೇಲೆ ಕೊಳ್ಳುವವರಿಂದ ಸಾಮಾನ್ಯವಾಗಿ ಶೇ 20ರಷ್ಟು ಹೆಚ್ಚುವರಿ ಶುಲ್ಕ ಪಡೆಯುತ್ತವೆ. ನೀವು ತೆರಲು ಸಿದ್ಧವಿರುವುದು 600 ಡಾಲರ್ ಆದರೆ ಚೀಟಿಯಲ್ಲಿ 500 ಎಂದು ಬರೆಯಿರಿ.